ಇಲ್ಲದ ಊರಿಗೆ ಚಕ್ಕುಬಂದಿ

ಹೋದ ತಿಂಗಳು ಮಡಿಕೇರಿಯಲ್ಲಿ ಕಥೆ ಬರಿಯೋ ಹುಡುಗ ಹುಡುಗೀರ ಸಣ್ಣ ಶಿಬಿರ ಒಂದಿತ್ತು, ಅಲ್ಲಿ ಮಾತಾಡಿದ್ದಿದು. ಫೋನಲ್ಲಿ ರೆಕಾರ್ಡ್ ಮಾಡಿದ್ದನ್ನ ಕೇಳ್ಕೊಂಡು ಟೈಪ್ ಮಾಡಿದೀನಿ. ಶೀಟಿನ ಮೇಲೆ ಮಳೆ ಹೊಡಿತಿದ್ದ ಕಡೆ ನನ್ನ ಮಾತು ನನಗೇ ಕೇಳ್ಸಲ್ಲ, ಅಲ್ಲೆಲ್ಲ ನೆನಪಿದ್ದಷ್ಟು ಸೇರಿಸಿದೀನಿ, ಒಂದೆರಡು ಕಡೆ ಅವತ್ತು ಹೇಳೋಕೆ ಮರೆತಿದ್ದನ್ನೂ ತುರುಕಿದೀನಿ, ಬಂದಿದ್ದೋರು ಬೇಜಾರು ಮಾಡ್ಕೋಬೇಡಿ.

ಎಲ್ರಿಗೂ ನಮಸ್ಕಾರ. ಹಿಂದ್ಗಡೆ ಕೂತಿರೋರಿಗೆ ಕೇಳ್ತಿದ್ಯಾ? ಮೈಕ್ ಬೇಡ ಬಿಡಿ, ಕರೆಂಟು ಹೋಗಿ ಬಂದು ಮಾಡ್ತಿದೆ, ನಾನು ಜೋರಾಗೇ ಮಾತಾಡ್ತೀನಿ.

ಈಗ ಪರಿಚಯ ಮಾಡ್ಕೊಟ್ಟೋರು ನನ್ನನ್ನ ಲೇಖಕರು ಅಂದ್ರು, ಖುಷಿ ಆಯ್ತು, ಆದ್ರೆ ಹೊಟ್ಟೆಪಾಡಿಗೆ ನಾನು ಪತ್ರ ಬರಿಯೋನು. ಸೋಮವಾರಪೇಟೆ ಕಡೆ ಇಪ್ಪತ್ತು ವರ್ಷದಿಂದ ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಇದೇ ಕೆಲಸ. ರಾತ್ರಿ ಊಟ ಆದ್ಮೇಲೆ ಇಲ್ಲದ ಊರುಗಳ ಕಥೆ ಬರೀತೀನಿ. ಹಗಲು ಬರಿಯೋದು ನಿಜ ರಾತ್ರಿ ಬರಿಯೋದು ಸುಳ್ಳು ಅಂತ ನಮ್ಮನೇಲಿ ತಮಾಷೆ ಮಾಡ್ತಾರೆ, ಎಷ್ಟೋ ಸಲ ಅದು ಉಲ್ಟಾ ಇರುತ್ತೆ ಅನ್ನೋದು ನನಗೂ ಆ ಪಾರ್ಟಿಗಳಿಗೂ ಮಾತ್ರ ಗೊತ್ತು.

ನನ್ನ ಊರಿನ ಹೆಸರು ಹೊಗೆಮಲೆ. ಮ್ಯಾಪಲ್ಲಿ ಹುಡುಕ್ಬೇಡಿ, ಸಿಗಲ್ಲ. ಅದನ್ನ ಶುರು ಮಾಡಿದಾಗ ನಾನೂ ನಿಮ್ಮ ಹಾಗೇ, ಮೊದಲು ಇತಿಹಾಸ ರೆಡಿ ಮಾಡ್ಕೋಬೇಕು ಅಂತ ಒಂದು ದಪ್ಪ ಲಾಂಗ್ ಬುಕ್ ತಗೊಂಡೆ. ಮೂರು ಸಾವಿರ ವರ್ಷ, ಅರವತ್ನಾಲ್ಕು ರಾಜರು, ಯಾರು ಯಾವಾಗ ಪಟ್ಟಕ್ಕೆ ಬಂದ, ಯಾವ ಯುದ್ಧ, ಎಷ್ಟು ಆನೆ ಎಷ್ಟು ಕುದುರೆ, ಎಲ್ಲ ಕೆಂಪು ಇಂಕು ನೀಲಿ ಇಂಕಲ್ಲಿ ಗೆರೆ ಹೊಡ್ದು ಬರ್ದಿಟ್ಟೆ. ಅದಕ್ಕೇ ಎರಡು ಮಳೆಗಾಲ ಹೋಯ್ತು, ಕಥೆ ಒಂದು ಪುಟ ಹುಟ್ಲಿಲ್ಲ. ನಮ್ಮ ಸೋದರತ್ತೆ ಒಬ್ರು ಮನೆಗೆ ಬಂದಿದ್ದೋರು, ಕಾಫಿ ಕುಡೀತಾ ಆ ಬುಕ್ ಪೂರ್ತಿ ತಿರುವಿ ಹಾಕಿದ್ರು. ಏನೂ ಹೇಳ್ಲಿಲ್ಲ. ಲೋಟ ಇಡೋಕೆ ಒಳಗೆ ಹೋದೋರು ಅಡುಗೆಮನೆಯಿಂದ್ಲೇ, 'ಅಲ್ಲೋ, ಅರವತ್ನಾಲ್ಕು ಸಾವಾಗಿದೆ, ಒಂದು ಪಾಲಿನ ಜಗಳ ಇಲ್ವಲ್ಲೋ' ಅಂದ್ರು.

ದಿನಾ ಬೆಳಿಗ್ಗೆ ಎದ್ರೆ ಪಾಲಿನ ಜಗಳವನ್ನೇ ಪತ್ರ ಮಾಡಿ ಊಟ ಮಾಡೋನು ನಾನು! ನನ್ನ ಪುಸ್ತಕದಲ್ಲಿ ಅಪ್ಪ ಸತ್ರೆ ಮಗ ಸಲೀಸಾಗಿ ಸಿಂಹಾಸನದ ಮೇಲೆ ಕೂತ್ಕೊಂಡ್ಬಿಡ್ತಿದ್ದ, ಮುನ್ನೂರೈವತ್ತು ವರ್ಷಕ್ಕೊಂದು ಸಲ ಒಬ್ಬ ದುಷ್ಟ ಮಂತ್ರಿ. ಆ ಬುಕ್ ಈಗ್ಲೂ ಇದೆ, ಮಳೆಗಾಲದಲ್ಲಿ ಕಿಟಕಿ ಹೊಡ್ಕೊಳ್ದೆ ಇರೋಕೆ ಸಂದಿಗೆ ಇಡ್ತೀವಿ.

ಅವತ್ತಿಂದ ನಾನು ಮಾಡ್ಕೊಂಡಿರೋ ಪದ್ಧತಿ ಒಂದೇ, ಅದನ್ನೇ ಇವತ್ತು ಸುತ್ತಿಬಳಸಿ ಹೇಳೋದು. ನಿಮ್ಮ ಲೋಕದಲ್ಲಿ ಏನೇನು ನಡೀತು ಅಂತ ಬರ್ಕೋಬೇಡಿ, ಏನೇನು ಉಳ್ಕೊಂಡಿದೆ, ಅದು ಯಾರ ಕೈಲಿದೆ ಅಂತ ಬರ್ಕೊಳ್ಳಿ. ನಡೆದಿದ್ದು ಅಲ್ಲಿ ಬದುಕೋ ಯಾರಿಗೂ ಪೂರ್ತಿ ಗೊತ್ತಿರಲ್ಲ. ಅವ್ರಿಗೆ ಸಿಗೋದು ಒಂದು ಗೋಡೆ, ಒಂದು ಹೆಸರು, ಹರಿದ ಒಂದು ಕಾಗದ, ಅಜ್ಜಿ ಹೇಳಿದ ಅರ್ಧ ಮಾತು. ಓದೋನಿಗೂ ಅಷ್ಟೇ ಕೊಡಿ.

ಮೊದಲು ವರ್ಷದ ಲೆಕ್ಕ. ಹತ್ತು ಸಾವಿರ ವರ್ಷದ ಸಾಮ್ರಾಜ್ಯ ಅಂತ ಬರಿಯೋ ಚಟ ಬಿಡಿ ಮಾರಾಯ್ರೆ. ಕೊಡಗು ಆಳಿದ ನಮ್ಮ ಹಾಲೇರಿ ಅರಸರನ್ನೇ ನೋಡಿ, ಅವರದೇ ವಂಶಚರಿತ್ರೆ ರಾಜೇಂದ್ರನಾಮೆ ಲೆಕ್ಕ ಶುರು ಮಾಡೋದು 1633ರಿಂದ, ಕಥೆ ಮುಗಿಯೋದು 1834ಕ್ಕೆ, ಅಲ್ಲಿಗೆ ಬರೀ ಇನ್ನೂರು ವರ್ಷ. ಅಷ್ಟರೊಳಗೆ ಏನಿಲ್ಲ ಹೇಳಿ. ಇಕ್ಕೇರಿ ಕಡೆಯಿಂದ ಜಂಗಮನ ವೇಷದಲ್ಲಿ ಬಂದು ಹಾಲೇರಿಯಲ್ಲಿ ನೆಲೆ ಊರಿದೋರು ನಿಧಾನಕ್ಕೆ ಇಲ್ಲಿನ ನಾಯಕರನ್ನೆಲ್ಲ ಬದಿಗೆ ಸರಿಸಿ ರಾಜರಾದ್ರು ಅಂತ ಕಥೆ ಇದೆ, ಮುದ್ದುರಾಜ 1681ರಲ್ಲಿ ಮಡಿಕೇರಿಗೆ ರಾಜಧಾನಿ ತಂದ, ಆಮೇಲೆ ಹೈದರ್ ಬಂದ, ಟಿಪ್ಪು ಬಂದ, ದೊಡ್ಡ ವೀರರಾಜೇಂದ್ರ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸ್ಕೊಂಡು ಬಂದ, ಈಸ್ಟ್ ಇಂಡಿಯಾ ಕಂಪನಿ ಜೊತೆ ಒಪ್ಪಂದ ಮಾಡ್ಕೊಂಡ, ಕೊನೆಗೆ ಅದೇ ಕಂಪನಿ ಚಿಕ್ಕ ವೀರರಾಜೇಂದ್ರನನ್ನ ಇಳಿಸಿ ಕಾಶಿಗೆ ಕಳಿಸ್ತು, ಅವನು ಅಲ್ಲಿಂದ 1852ರಲ್ಲಿ ಮಗಳು ಗೌರಮ್ಮನ ಕರ್ಕೊಂಡು ಇಂಗ್ಲೆಂಡಿಗೆ ಹೋಗಿ 1859ರಲ್ಲಿ ಲಂಡನ್ನಲ್ಲೇ ತೀರ್ಕೊಂಡ. ನನ್ನ ಮೂರು ಸಾವಿರ ವರ್ಷದಲ್ಲಿ ಇದರ ಕಾಲು ಭಾಗ ಇರ್ಲಿಲ್ಲ.

ಆ ರಾಜೇಂದ್ರನಾಮೆ ಇದ್ಯಲ್ಲ, ನಮ್ಮತ್ತೆ ಮಾತಿಗೆ ಅದು ಸರಿಯಾದ ಉದಾಹರಣೆ. ದೊಡ್ಡ ವೀರರಾಜೇಂದ್ರ ತನ್ನ ವಂಶದ ಚರಿತ್ರೆ ಬರೆಸಿದ್ದು, 1807ರವರೆಗೆ ಬರುತ್ತೆ. ಬರೆಸೋ ಹೊತ್ತಿಗೆ ಅವನ ಪರಿಸ್ಥಿತಿ ಏನು? ಗಂಡು ಮಕ್ಕಳಿಲ್ಲ, ಪ್ರೀತಿಯ ರಾಣಿ ಮಹದೇವಮ್ಮಾಜಿ ತೀರ್ಕೊಂಡಿದಾಳೆ, ಮಗಳು ದೇವಮ್ಮಾಜಿಗೆ ಪಟ್ಟ ಆಗ್ಬೇಕು ಅನ್ನೋ ಹಟ, ಮನೇಲಿ ತಮ್ಮಂದಿರಿದಾರೆ. 1809ರಲ್ಲಿ ರಾಜ ಹೋದ. ಎರಡೇ ವರ್ಷಕ್ಕೆ ತಮ್ಮ ಲಿಂಗರಾಜೇಂದ್ರ ಹುಡುಗಿಯನ್ನ ಪಕ್ಕಕ್ಕಿಟ್ಟು ತಾನೇ ರಾಜನಾದ. ಈಗ ಇಷ್ಟನ್ನ ತಲೇಲಿಟ್ಕೊಂಡು ಆ ವಂಶಚರಿತ್ರೆ ಕೈಗೆತ್ತಿಕೊಳ್ಳಿ, ಒಂದೊಂದು ಸಾಲೂ ಯಾರನ್ನೋ ಒಪ್ಪಿಸೋಕೆ ಬರೆಸಿದ ಹಾಗೆ ಕೇಳ್ಸುತ್ತೆ. ನನ್ನ ಆಫೀಸಿಗೆ ಬಂದು ವಿಲ್ ಬರೆಸೋ ಮುದುಕರೂ ಹೀಗೇ, 'ನಮ್ಮ ವಂಶದ್ದು ಸ್ವಲ್ಪ ಹಿಂದಿಂದ ಬರೀರಿ' ಅಂದ್ರು ಅಂದ್ರೆ ಯಾವನೋ ಒಬ್ಬ ಮಗನ ಹೆಸರು ಬಿಟ್ಟುಹೋಗುತ್ತೆ ಅಂತ ನನಗೆ ಅಲ್ಲೇ ಗೊತ್ತಾಗುತ್ತೆ. ಹಾಗಾಗಿ ನಿಮ್ಮ ಕಥೇಲಿ ಹಳೆ ಗ್ರಂಥ ಒಂದು ಸಿಕ್ಕಿದ್ರೆ, ಗುಹೇಲೋ ದೇವಸ್ಥಾನದಲ್ಲೋ, ಅದನ್ನ ಯಾರು ಬರೆಸಿದ್ದು, ಯಾರ ಪಾಲು ತಪ್ಸೋಕೆ, ಇಷ್ಟು ನಿಮಗೆ ಗೊತ್ತಿರ್ಲಿ.

ಈಗ ನನ್ನ ಕಸುಬಿಗೆ ಬರ್ತೀನಿ. ಚಕ್ಕುಬಂದಿ ಗೊತ್ತಲ್ಲ ನಿಮಗೆಲ್ಲ? ಕೆಲವ್ರು ತಲೆ ಅಲ್ಲಾಡಿಸ್ತಿದೀರಿ, ಮನೇಲಿ ಜಗಳ ನಡೀತಿದೆ ಅಂತ ಲೆಕ್ಕ. ಜಮೀನಿನ ನಾಲ್ಕೂ ದಿಕ್ಕಿಗೆ ಏನೇನಿದೆ ಅಂತ ಪತ್ರದ ಕೊನೇಲಿ ಷೆಡ್ಯೂಲಲ್ಲಿ ಬರೀತೀವಿ, ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ತೋಡು, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಬಾಣೆ, ಅಂದ್ರೆ ಗದ್ದೆಗೆ ಸೇರಿದ ಕಾಡುಜಾಗ. ಸರ್ವೆ ನಂಬರ್ ಇದ್ರೂ ಇದು ಬೇಕು. ಹಳೇ ಪತ್ರಗಳಲ್ಲಿ ಇದು ಎಷ್ಟು ಚೆಂದ ಇರುತ್ತೆ ಅಂದ್ರೆ, ಉತ್ತರಕ್ಕೆ ಸಿಡಿಲು ಹೊಡೆದ ಹಲಸಿನ ಮರ ಅಂತ ಇರುತ್ತೆ. ದಕ್ಷಿಣಕ್ಕೆ ಎಮ್ಮೆ ಮುಳುಗಿದ ಗುಂಡಿ ಅಂತ ಇರುತ್ತೆ. ಮರ ಹೋಗಿ ಅರವತ್ತು ವರ್ಷ ಆಗಿರುತ್ತೆ, ಎಮ್ಮೆ ಯಾರದು ಅಂತ ಹೇಳೋರಿಲ್ಲ, ಆದ್ರೆ ಆ ಎಮ್ಮೆ ಮೇಲೆ ನಿಂತು ಇವತ್ತು ಇಬ್ರು ಕೋರ್ಟಲ್ಲಿ ಹೊಡೆದಾಡ್ತಿರ್ತಾರೆ.

ಜಮ್ಮಾ ಜಾಗದ, ಅಂದ್ರೆ ಕೊಡಗಲ್ಲಿ ಮನೆತನಕ್ಕೆ ವಂಶದಿಂದ ಬಂದ ಜಮೀನಿನ, ಪಹಣಿ ತೆಗೆದು ನೋಡಿ, ಪಟ್ಟೇದಾರ್ರು, ಅಂದ್ರೆ ಮನೆತನದ ಯಜಮಾನ್ರು, ಅಂತ ಇರೋ ಹೆಸರಿನೋರು ತೀರ್ಕೊಂಡು ಎಷ್ಟೋ ಕಾಲ ಆಗಿರುತ್ತೆ, ಮೊಮ್ಮಕ್ಕಳ ಮೊಮ್ಮಕ್ಕಳು ಬೆಂಗಳೂರಿಂದ ಬಂದು ಸಾಲಕ್ಕೆ ಓಡಾಡ್ತಿರ್ತಾರೆ, ಕಾಗದದಲ್ಲಿ ಇನ್ನೂ ಆ ಹಿರಿಯರದೇ ಆಳ್ವಿಕೆ. ಸತ್ತೋರು ಆಳೋ ರಾಜ್ಯ ಅಂತ ಫ್ಯಾಂಟಸಿ ಬರಿಯೋಕೆ ಬೇರೆ ಎಲ್ಲೂ ಹೋಗ್ಬೇಕಾಗಿಲ್ಲ.

ನಾನು ಮಾಡಿದ ಒಂದು ತಪ್ಪು ಹೇಳ್ತೀನಿ, ಶುರುವಿನ ದಿನಗಳದ್ದು. ಒಂದು ಕ್ರಯಪತ್ರ ಬರೀಬೇಕಾದ್ರೆ ಪಶ್ಚಿಮಕ್ಕೆ ಕೆರೆ ಅಂತ ಹಳೇ ಪತ್ರದಲ್ಲಿದ್ದದ್ದನ್ನ ಹಾಗೇ ಇಳಿಸ್ಬಿಟ್ಟೆ. ಕೆರೆ ಮುಚ್ಚಿ ಸೈಟ್ ಆಗಿ ಎಷ್ಟೋ ವರ್ಷ ಆಗಿತ್ತು, ಅಲ್ಲಿ ಮೂರು ಮನೆ, ಒಂದು ವೆಲ್ಡಿಂಗ್ ಶಾಪು. ಕೊಂಡ್ಕೊಂಡೋನು ಬಂದು ನನ್ನ ಮೇಜು ತಟ್ಟಿ ಉಗಿದ, ಸರಿಯಾಗೇ ಉಗಿದ, ತಿದ್ದುಪಡಿ ಪತ್ರದ ಖರ್ಚು ನನ್ನ ಕೈಯಿಂದ್ಲೇ ಹೋಯ್ತು. ಆಮೇಲೆ ಕುತೂಹಲಕ್ಕೆ ಹಿಂದಿನ ಪತ್ರಗಳನ್ನ ತೆಗೆಸಿ ನೋಡಿದ್ರೆ ನನ್ನ ಹಾಗೇ ಇನ್ನಿಬ್ರು ಪತ್ರ ಬರಿಯೋರು ಅದನ್ನೇ ಇಳಿಸಿದಾರೆ! ಕೆರೆ ನೆಲದ ಮೇಲೆ ಸತ್ತು, ಕಾಗದದಲ್ಲಿ ಮೂರು ಸಲ ಮತ್ತೆ ಹುಟ್ಟಿತ್ತು. ಆ ಮೂರು ಮನೆಯೋರು ದಾಖಲೆ ಪ್ರಕಾರ ನೀರೊಳಗೆ ಸಂಸಾರ ಮಾಡ್ತಿದ್ರು.

ಇದು ನನಗೆ ಹೊಗೆಮಲೆಯಲ್ಲಿ ತುಂಬಾ ಉಪಯೋಗಕ್ಕೆ ಬಂತು. ಅಲ್ಲಿನ ಕಂದಾಯದ ಓಲೆಗಳಲ್ಲೆಲ್ಲ ಮೂಡಲ ಹೆಬ್ಬಾಗಿಲು ಅಂತ ಬರುತ್ತೆ, ಆ ಬಾಗಿಲು ಯಾರೂ ನೋಡಿಲ್ಲ, ಆದ್ರೂ ಬಾಗಿಲು ಕಾಯೋನಿಗೆ ಅಂತ ವರ್ಷಕ್ಕೆ ಎರಡು ಪಲ್ಲ ಭತ್ತ ಹೋಗ್ತಾನೇ ಇದೆ, ಅದನ್ನ ಒಂದು ಮನೆತನ ತಗೋತಾನೇ ಇದೆ. ಕಥೆ ಅಲ್ಲಿಂದ್ಲೇ ಶುರುವಾಯ್ತು, ಒಬ್ಬ ಹೊಸ ಶಾನುಭೋಗ ಹೋಗಿ ಬಾಗಿಲು ಎಲ್ಲಿ ತೋರ್ಸಿ ಅಂತ ಕೇಳ್ತಾನೆ.

ನಿಮಗೊಂದು ಕೆಲಸ ಹೇಳ್ತೀನಿ, ಇವತ್ತು ಮಧ್ಯಾಹ್ನ ಬರಿಯೋಕೆ ಕೂತಾಗ ರಾಜನ ಹೆಸರು ಇಡ್ಬೇಡಿ, ನಿಮ್ಮ ಊರಿನ ಯಾವ್ದಾದ್ರೂ ಒಂದು ಗದ್ದೆಗೆ ಚಕ್ಕುಬಂದಿ ಬರೀರಿ. ನಾಲ್ಕೇ ಸಾಲು. ನಾಲ್ಕರಲ್ಲಿ ಒಂದು ಈಗ ಇಲ್ಲದ ವಸ್ತು ಆಗಿರ್ಲಿ, ಒಂದು ಹೆಸರು ಯಾರಿಗೂ ಅರ್ಥ ಆಗ್ದೇ ಇರೋದಾಗಿರ್ಲಿ, ಒಂದು ದಿಕ್ಕಿನೋನು ಅದನ್ನ ಒಪ್ಪದೇ ಇರೋನಾಗಿರ್ಲಿ. ನಾಲ್ಕನೇದು ಬರೀ ತೋಡು, ಸುಮ್ಮನೆ ಹರಿಯೋ ತೋಡು, ಎಲ್ಲದಕ್ಕೂ ಕಥೆ ಇದ್ರೆ ನಾಟಕದ ಸೀನರಿ ಥರ ಕಾಣುತ್ತೆ.

ಹೆಸರು ಅಂದೆ. ಕುಶಾಲನಗರದೋರು ಯಾರಾದ್ರೂ ಇದೀರಾ? ಬೈಬೇಡಿ ಮತ್ತೆ. ಹೈದರಾಲಿ ಅಲ್ಲಿ ಬಿಡಾರ ಹೂಡಿದ್ದಾಗ ಟಿಪ್ಪು ಹುಟ್ಟಿದ ಸುದ್ದಿ ಬಂತು, ಖುಷಿಯಿಂದ ಊರಿಗೆ ಕುಶಾಲನಗರ ಅಂತ ಹೆಸರಿಟ್ಟ, ಈ ಕಥೆ ನಾವೆಲ್ಲ ಕೇಳಿದೀವಿ. ಟಿಪ್ಪು ದೇವನಹಳ್ಳಿಯಲ್ಲಿ ಹುಟ್ಟಿದ್ದು 1750-51ರ ಸುಮಾರಿಗೆ. ಹೈದರ್ ಕೊಡಗಿನ ಮೇಲೆ ಕಣ್ಣು ಹಾಕಿದ್ದು ಬಿದನೂರು ಗೆದ್ದ ಮೇಲೆ, ಅಂದ್ರೆ 1763 ಆದ್ಮೇಲೆ. ಸುದ್ದಿ ಬರೋಕೆ ಹನ್ನೆರಡು ಹದಿಮೂರು ವರ್ಷ ಹಿಡೀತಾ? ಲೆಕ್ಕ ಕೂಡಲ್ಲ. ಮಧ್ಯೆ ಕಂಪನಿಯೋರು ಬಂದು ಕರ್ನಲ್ ಫ್ರೇಜರ್ ಹೆಸರಲ್ಲಿ ಫ್ರೇಜರ್‌ಪೇಟೆ ಅಂತ ಮಾಡಿದ್ರು, ನಮ್ಮ ಹಿರಿಯರು ಕೆಲವ್ರು ಈಗ್ಲೂ ಹಾಗೇ ಅಂತಾರೆ. ಇಲ್ಲಿ ನನಗೆ ಮುಖ್ಯ ಅನ್ಸಿದ್ದು ಕಥೆ ಸುಳ್ಳು ಅನ್ನೋದಲ್ಲ, ಎಷ್ಟು ಸಲ ಸುಳ್ಳು ಅಂದ್ರೂ ಅದು ಸಾಯಲ್ಲ ಅನ್ನೋದು. ಯಾಕಂದ್ರೆ ಅದರಲ್ಲಿ ಒಬ್ಬ ಅಪ್ಪ ಇದಾನೆ, ಒಂದು ಮಗು ಇದೆ, ಸುದ್ದಿ ಹೊತ್ತು ಓಡಿಬರೋ ಕುದುರೆ ಇದೆ. ಹೆಸರಿಗೆ ಜನ ಹೇಳೋ ಕಾರಣ ತಪ್ಪಿರೋದೇ ಜಾಸ್ತಿ. ಆದ್ರೆ ನಾವು ಕಟ್ಟೋ ಲೋಕದಲ್ಲಿ ಮಾತ್ರ ಪ್ರತಿ ಊರಿನ ಹೆಸರಿಗೂ ಒಂದೇ ಕಾರಣ, ಅದೂ ಸರಿಯಾದದ್ದು! ಹೊಗೆಮಲೆಗೆ ನಾನು ಮೂರು ಕೊಟ್ಟಿದೀನಿ. ಅರಮನೆ ಪುರೋಹಿತರು ಹೋಮದ ಹೊಗೆ ಅಂತಾರೆ, ಕಾಡಿನೋರು ನಮ್ಮ ಹಾಡಿ ಸುಟ್ಟಾಗಿನ ಹೊಗೆ ಅಂತಾರೆ, ಘಟ್ಟದ ಕೆಳಗಿನಿಂದ ಉಪ್ಪು ಹೇರ್ಕೊಂಡು ಬರೋ ಎತ್ತಿನೋನು ಅದು ಬರೀ ಮಂಜು ಕಣ್ರೋ ಅಂತಾನೆ.

ಹೆಸರು ಸವೆಯೋದನ್ನೂ ನೋಡ್ಕೊಳ್ಳಿ. ವೀರರಾಜೇಂದ್ರಪೇಟೆ ವಿರಾಜಪೇಟೆ ಆಗಿದೆ, ಮುದ್ದುರಾಜನ ಕೇರಿ ಮಡಿಕೇರಿ ಆಗಿ ಇಂಗ್ಲಿಷರ ಬಾಯಲ್ಲಿ ಮರ್ಕೆರಾ ಆಗಿ ಈಗ ಮತ್ತೆ ಮಡಿಕೇರಿ. ಹೆಸರು ಇಡೋವಾಗ ಉದ್ದಕ್ಕೆ ಇಡಿ, ಆಮೇಲೆ ಸಂತೆಗೆ ಹೋಗೋ ಅವಸರದಲ್ಲಿ ಹತ್ತು ಸಲ ಕೂಗಿ ನೋಡಿ, ಉಳಿದಿದ್ದೇ ಹೆಸರು.

ಇಲ್ಲಿಂದ ಹತ್ತು ನಿಮಿಷ ನಡೆದ್ರೆ ಕೋಟೆ. ಟೀ ಬ್ರೇಕಲ್ಲಿ ಹೋಗಿ ಬನ್ನಿ, ಮಳೆ ಬಿಟ್ರೆ. ಅಲ್ಲಿ ಮುದ್ದುರಾಜ ಕಟ್ಟಿಸಿದ್ದು ಮಣ್ಣಿನ ಕೋಟೆ, ಟಿಪ್ಪು ಅದನ್ನ ಕಲ್ಲಲ್ಲಿ ಕಟ್ಟಿಸಿ ಜಾಫರಾಬಾದ್ ಅಂದ, ಲಿಂಗರಾಜೇಂದ್ರ 1812ರಿಂದ 14ರೊಳಗೆ ಅರಮನೆ ಹೊಸದಾಗಿ ಕಟ್ಟಿಸಿದ, ಒಳಗಿದ್ದ ವೀರಭದ್ರ ದೇವಸ್ಥಾನ ತೆಗೆದು ಇಂಗ್ಲಿಷರು ಚರ್ಚ್ ಕಟ್ಟಿದ್ರು, ಚರ್ಚ್ ಈಗ ಮ್ಯೂಸಿಯಂ, ಅರಮನೇಲಿ ಸರ್ಕಾರಿ ಆಫೀಸುಗಳು ನಡೆದ್ವು. ಗಾರೆಯ ಎರಡು ಆನೆ ಮಾತ್ರ ಯಾರು ಬಂದ್ರೂ ಹೋದ್ರೂ ಹಾಗೇ ನಿಂತಿದಾವೆ, ಮಕ್ಕಳು ಸೊಂಡಿಲು ಹಿಡ್ದು ಫೋಟೋ ತೆಗೆಸ್ಕೋತಾರೆ. ಫ್ಯಾಂಟಸಿ ಕಥೆಗಳಲ್ಲಿ ಪಾಳುಬಿದ್ದ ಕೋಟೆ ಅಂದ್ರೆ ಒಬ್ಬನೇ ರಾಜ ಕಟ್ಟಿ, ಒಂದೇ ಸಲ ಪಾಳು ಬಿದ್ದು, ನಾಯಕ ಬರೋವರೆಗೆ ಬಾವಲಿ ಬಿಟ್ರೆ ಯಾರೂ ಕಾಲಿಟ್ಟಿರಲ್ಲ. ಅಷ್ಟು ಒಳ್ಳೆ ಕಲ್ಲು, ಅಷ್ಟು ಒಳ್ಳೆ ಜಾಗ, ಯಾರು ಸುಮ್ಮನೆ ಬಿಡ್ತಾರೆ? ಒಬ್ಬ ದನ ಕಟ್ಟಿರ್ತಾನೆ, ಇನ್ನೊಬ್ಬ ಕಲ್ಲು ಹೊತ್ಕೊಂಡು ಹೋಗಿ ಮನೆ ಮೆಟ್ಟಿಲು ಮಾಡಿರ್ತಾನೆ, ಸರ್ಕಾರ ಬೋರ್ಡ್ ಹಾಕಿರುತ್ತೆ.

ಕಡಂಗದ್ದೂ ಹಾಗೇ. ವಿರಾಜಪೇಟೆ ಕಡೆಯೋರಿಗೆ ಹೇಳ್ಬೇಕಾಗಿಲ್ಲ, ಕಡಂಗ ಅಂತ ಊರೇ ಇದೆ. ಹಿಂದೆ ಯುದ್ಧಕ್ಕೆ ಅಂತ ತೋಡಿದ ಆಳವಾದ ಕಂದಕ, ತೆಗೆದ ಮಣ್ಣು ಪಕ್ಕಕ್ಕೇ ದಿಬ್ಬ, ಬೆಟ್ಟ ಕಾಡು ಅನ್ನದೆ ಮೈಲಿಗಟ್ಟಲೆ ಹೋಗುತ್ತೆ. ನಾನು ಒಂದ್ಸಲ ಒಂದು ತೋಟದ ಪಾಲಿಗೆ ಸ್ಥಳ ನೋಡೋಕೆ ಹೋಗಿದ್ದೆ. ಅಣ್ಣ ತಮ್ಮ ಇಬ್ರೂ ಜೊತೇಲಿದ್ರು, ಮಾತಿಲ್ಲ, ಒಬ್ಬ ಮುಂದೆ ಒಬ್ಬ ಹಿಂದೆ. ಕಾಫಿ ಗಿಡಗಳ ಸಾಲು ನೆಟ್ಟಗೆ ಬರ್ತಾ ಬರ್ತಾ ಒಂದು ಕಡೆ ಗುಂಡಿಗೆ ಇಳಿದು ಮತ್ತೆ ಆ ಕಡೆ ಹತ್ತುತ್ತೆ, ನಾನು ಜಾರಿ ಬಿದ್ದೆ, ಬಿದ್ದಲ್ಲಿಂದ ಮೇಲೆ ನೋಡಿದ್ರೆ ಎರಡೂ ಕಡೆ ಗೋಡೆ ಥರ ಮಣ್ಣು, ಜರಿಗಿಡ, ತಲೆ ಮೇಲೆ ಸಿಲ್ವರ್ ಮರ. ಇಬ್ರೂ ಒಟ್ಟಿಗೇ 'ಕಡಂಗ ಅದು, ನೋಡ್ಕೊಂಡು' ಅಂದ್ರು. ಅವತ್ತು ಅವರಿಬ್ರೂ ಒಟ್ಟಿಗೆ ಆಡಿದ ಮಾತು ಅದೊಂದೇ. ಯಾರ ವಿರುದ್ಧ ತೋಡಿದ್ದೋ ಏನೋ, ಕೊನೆಗೆ ಅಣ್ಣ ತಮ್ಮನ ಪಾಲಿಗೆ ಅದೇ ಗಡಿ ಆಯ್ತು, ನಾನೇ ಬರೆದೆ, ಪೂರ್ವಕ್ಕೆ ಕಡಂಗ.

ಆ ತೋಟದಲ್ಲಿ ಕಾಫಿ ನೋಡಿದ್ರೆ ಅನಾದಿ ಕಾಲದಿಂದ ಇದೆ ಅನ್ಸುತ್ತೆ. ಇಲ್ಲಿ ಇಂಗ್ಲಿಷರ ದೊಡ್ಡ ತೋಟಗಳು ಎದ್ದಿದ್ದೇ 1850ರ ದಶಕದ ಮೇಲೆ, ನೆರಳಿಗೆ ಹಾಕಿರೋ ಸಿಲ್ವರ್ ಮರ ಆಸ್ಟ್ರೇಲಿಯಾದ್ದು. ನಮ್ಮ ಅಜ್ಜಂದಿರು ಹೇಳೋ ಹಾಗೆ ಬುಟ್ಟಿ ಬುಟ್ಟಿ ಬರ್ತಿದ್ದ ಕೊಡಗಿನ ಕಿತ್ತಳೆ ರೋಗ ಬಿದ್ದು ಹೋಯ್ತು, ಈಗ ನಾಗಪುರದ ಹಣ್ಣು ತಂದು ರಸ್ತೆಬದೀಲಿ ಕೂರ್ಗ್ ಆರೆಂಜ್ ಅಂತ ಮಾರೋರೂ ಇದಾರೆ. ನಿಮ್ಮ ಲೋಕದಲ್ಲೂ ಒಂದು ಬೆಳೆ ಹೋಗಿರ್ಲಿ, ಹೆಸರು ಮಾತ್ರ ವ್ಯಾಪಾರ ಮಾಡ್ತಿರ್ಲಿ.

ಈಗ ನನಗಿಷ್ಟವಾದ ವಿಷಯ, ಕಳ್ಳ ದಾಖಲೆ. ಮಡಿಕೇರಿಯಲ್ಲಿ ಸಿಕ್ಕಿದ ಒಂದು ತಾಮ್ರಶಾಸನ ಇದೆ, ಮರ್ಕೆರಾ ತಾಮ್ರಪಟ ಅಂತ್ಲೇ ಪುಸ್ತಕಗಳಲ್ಲಿ ಹೆಸರು. ಗಂಗರ ಅವಿನೀತನ ಕಾಲದ್ದು, ಬದಣೆಗುಪ್ಪೆ ಅನ್ನೋ ಊರನ್ನ ತಲಕಾಡಿನ ಶ್ರೀವಿಜಯ ಜಿನಾಲಯಕ್ಕೆ ದಾನ ಕೊಟ್ಟಿದ್ದು, ವರ್ಷ 388. ಶಕವರ್ಷ ಅಂತ ಹಿಡಿದ್ರೆ ಕ್ರಿ.ಶ. 466. ಸರಿ, ಬಹಳ ಹಳೇದು ಅಂತ ಎಲ್ರೂ ಹಿಗ್ಗಿದ್ರು. ಆಮೇಲೆ ವಿದ್ವಾಂಸರು ಕೂತು ನೋಡಿದ್ರೆ ಅಕ್ಷರದ ಮೋಡಿ ಅಷ್ಟು ಹಳೇದಲ್ಲ, ಒಳಗೆ ಅಕಾಲವರ್ಷ ಪೃಥ್ವೀವಲ್ಲಭ ಅಂತ ಹೆಸರು ಬರುತ್ತೆ, ಅದು ರಾಷ್ಟ್ರಕೂಟರ ಬಿರುದು, ಅವರು ಬಂದಿದ್ದು ಇನ್ನೂರು ಮುನ್ನೂರು ವರ್ಷ ಆದ್ಮೇಲೆ. ಹಾಗಾಗಿ ಇದು ಆಮೇಲೆ ಕೂತು ಕೆತ್ತಿಸಿದ ಕೂಟಶಾಸನ ಅಂತ ಬಹಳ ಜನ ಹೇಳ್ತಾರೆ. ನನಗೆ ಇದನ್ನ ಓದಿ ಎಷ್ಟು ಸಂತೋಷ ಆಯ್ತು ಅಂದ್ರೆ, ಸಾವಿರ ವರ್ಷದ ಹಿಂದೆ ನನ್ನ ಕಸುಬಿನೋನೇ ಒಬ್ಬ ಕೂತು, ಹಳೇ ಕಾಲದ ಹಾಗೆ ಕಾಣ್ಬೇಕು ಅಂತ ಹಳೇ ರಾಜನ ಹೆಸರು ಹಾಕಿ, ಹಳೇ ವರ್ಷ ಹಾಕಿ, ಎಲ್ಲ ಸರಿ ಮಾಡಿ, ಒಂದು ಬಿರುದಿನಲ್ಲಿ ಸಿಕ್ಕಿಬಿದ್ದಿದಾನೆ. ಬಹುಶಃ ಊರು ನಿಜವಾಗ್ಲೂ ಬಸದಿಗೇ ಸೇರಿತ್ತೋ ಏನೋ, ಹಳೇ ಪತ್ರ ಕಳ್ದುಹೋಗಿ ಡುಪ್ಲಿಕೇಟ್ ಮಾಡಿಸಿದ್ರೋ ಏನೋ. ನಮ್ಮಲ್ಲೂ ಹಾಗೆ ಕೇಳ್ಕೊಂಡು ಬರ್ತಾರೆ. ಇಲ್ಲ, ನಾನು ಮಾಡಿಲ್ಲ, ನಗಬೇಡಿ.

ನಿಮ್ಮ ಲೋಕದಲ್ಲಿ ಒಂದು ಕೂಟಶಾಸನ ಇಡಿ. ಅದನ್ನ ಮಾಡಿಸಿದೋನು ದುಷ್ಟ ಆಗ್ಬೇಕು ಅಂತೇನಿಲ್ಲ.

ಖೋಟಾ ಅಲ್ಲದ ಕಾಗದದಲ್ಲೂ ಸುಳ್ಳಿರುತ್ತೆ. 1834ರಲ್ಲಿ ಕೊಡಗನ್ನ ತಗೊಂಡಾಗ ಕಂಪನಿ ಹೊರಡಿಸಿದ ಘೋಷಣೆಯಲ್ಲಿ ಇಲ್ಲಿನ ಜನರೆಲ್ಲ ಒಮ್ಮತದಿಂದ ನಮ್ಮ ಆಶ್ರಯ ಬಯಸಿದಾರೆ ಅಂತ ಇದೆ. ಸಹಿ ಇದೆ, ಮುದ್ರೆ ಇದೆ, ಅಸಲಿ ದಾಖಲೆ. ಮೂರೇ ವರ್ಷಕ್ಕೆ, 1837ರಲ್ಲಿ, ಕೊಡಗು ಸುಳ್ಯ ಎಲ್ಲ ಎದ್ದು ನಿಂತು ಮಂಗಳೂರಿನವರೆಗೆ ಹೋಗಿ ಕೆಲವು ದಿನ ಅದನ್ನ ಹಿಡಿದಿಟ್ಕೊಂಡ್ರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನ ಇಲ್ಲೇ ಮಡಿಕೇರಿಯಲ್ಲಿ ಗಲ್ಲಿಗೆ ಹಾಕಿದ್ರು. ಆ ದಂಗೆಯ ಮುಂದಾಳು ಕಲ್ಯಾಣಸ್ವಾಮಿ, ರಾಜಮನೆತನದೋನು ಅಂತ ಜನ ನಂಬಿದ್ರು, ಆದ್ರೆ ಆ ಹೆಸರಲ್ಲಿ ನಿಂತೋನು ಪುಟ್ಟಬಸಪ್ಪ ಅನ್ನೋ ರೈತ. ನೋಡಿ ಮಜಾನ, ಅಸಲಿ ಕಾಗದದಲ್ಲಿ ಸುಳ್ಳು ಒಮ್ಮತ, ನಕಲಿ ರಾಜನ ಹಿಂದೆ ನಿಜವಾದ ಸಿಟ್ಟು. ಇದನ್ನ ನಾನು ಕಲ್ಪಿಸಿ ಬರೆದಿದ್ರೆ ತೀರಾ ಅಚ್ಚುಕಟ್ಟಾಯ್ತು ಅಂತ ನಾನೇ ಹೊಡೆದು ಹಾಕ್ತಿದ್ದೆ.

ಕಾಗದಕ್ಕೆ ಬರದೇ ಇರೋರ ಬಗ್ಗೆ ಒಂದು ಮಾತು. ಕೊಡವ ಹಾಡುಗಳು ದುಡಿ ಅನ್ನೋ ವಾದ್ಯ ಬಡೀತಾ ಹಾಡ್ತಾ ಬಾಯಿಂದ ಬಾಯಿಗೇ ಬಂದಿದ್ದು, ನಡಿಕೇರಿಯಂಡ ಚಿಣ್ಣಪ್ಪ ಕೂತು ಸಂಗ್ರಹಿಸಿ 1924ರಲ್ಲಿ ಪಟ್ಟೋಲೆ ಪಳಮೆ ಅಂತ ಅಚ್ಚು ಹಾಕಿಸಿದ್ರಿಂದ ಇವತ್ತು ಪುಸ್ತಕದಲ್ಲೂ ಸಿಗುತ್ತೆ. ಯರವರ, ಕುರುಬರ ಹಾಡಿಗಳಲ್ಲಿ ಎಷ್ಟು ಹಾಡು ಹಾಗೆ ಯಾರೂ ಬರ್ಕೊಳ್ದೆ ಹೋಗಿರಬೇಕು ಲೆಕ್ಕ ಹಾಕಿ. ನಿಮ್ಮ ಲೋಕದಲ್ಲಿ ಬರ್ಕೊಳ್ಳೋಕೆ ಯಾರೂ ಹೋಗ್ದೇ ಇದ್ದ ಕಡೆ ಒಂದು ಪಾತ್ರ ಇರ್ಲಿ, ಅವಳ ಹಾಡು ಅರಮನೆ ಗ್ರಂಥದ ಜೊತೆ ಹೊಂದದೇ ಇರ್ಲಿ, ನೀವು ಮಧ್ಯೆ ಹೋಗಿ ತೀರ್ಪು ಕೊಡೋಕೆ ಹೋಗ್ಬೇಡಿ. ಕೊಡವ ಹೆಂಗಸರು ಸೀರೆ ನೆರಿಗೆ ಹಿಂದಕ್ಕೆ ಉಡೋದು ಗೊತ್ತಲ್ಲ, ಬಲಮುರಿಯಲ್ಲಿ ಕಾವೇರಿ ರಭಸಕ್ಕೆ ಹೆಂಗಸರ ನೆರಿಗೆ ಹಿಂದಕ್ಕೆ ಹೋಯ್ತು ಅಂತ ಅಜ್ಜಿ ಹೇಳ್ತಾರೆ, ಗದ್ದೆ ಕೆಲಸಕ್ಕೆ ಅನುಕೂಲ ಅಂತ ಮೊಮ್ಮಗಳು ಹೇಳ್ತಾಳೆ, ಇಬ್ರೂ ಉಡೋದು ಒಂದೇ ಥರ.

ಇಷ್ಟು ಸಾಕು, ಪ್ರಶ್ನೆ ಕೇಳಿ.

ಗೋಣಿಕೊಪ್ಪದಿಂದ ಬಂದಿದ್ದ ಹುಡುಗ ಒಬ್ಬ, 'ಸರ್, ನನ್ನ ಕಥೇಲಿ ಡ್ರ್ಯಾಗನ್ ಇದೆ, ಅದಕ್ಕೂ ಈ ಪಹಣಿ ಗಿಹಣಿ ಎಲ್ಲ ಬೇಕಾ?' ಅಂದ. ಎಲ್ರೂ ನಕ್ರು. ಬೇಕು ಅಂದೆ. ಡ್ರ್ಯಾಗನ್ ಸುಟ್ಟ ಗದ್ದೆಗೆ ಆ ವರ್ಷ ಕಂದಾಯ ಮಾಫಿ ಇತ್ತಾ? ಇದ್ದಿದ್ರೆ, ಡ್ರ್ಯಾಗನ್ ಬರದೇ ಇದ್ದ ವರ್ಷ ರೈತರೇ ಹುಲ್ಲಿಗೆ ಬೆಂಕಿ ಇಟ್ಟು ಬಂದಿತ್ತು ಸ್ವಾಮಿ ಅಂತ ಅರ್ಜಿ ಹಾಕಿರಲ್ವಾ? ನೂರು ವರ್ಷ ಆದ್ಮೇಲೆ ಆ ಅರ್ಜಿಗಳನ್ನ ಓದೋನಿಗೆ ಎಷ್ಟು ಡ್ರ್ಯಾಗನ್ ಇದ್ದ ಹಾಗೆ ಕಾಣುತ್ತೆ? ಹುಡುಗ ಬರ್ಕೊಂಡ. ಬರೆದ್ರೆ ನನಗೆ ಮೊದಲು ಕಳಿಸ್ಬೇಕು ಅಂತ ಹೇಳಿದೀನಿ.

ಮುಂದಿನ ಸಾಲಲ್ಲಿದ್ದ ಟೀಚರ್ ಒಬ್ರು ಬಿಡ್ಲಿಲ್ಲ. 'ನೀವು ಹೇಳೋದು ಸರಿ, ಆದ್ರೆ ನಿಜ ಏನು ಅಂತ ನಿಮಗೇ ಗೊತ್ತಿಲ್ದೆ ಬರೆದ್ರೆ ಓದೋರಿಗೆ ಮೋಸ ಮಾಡಿದ ಹಾಗಲ್ವಾ, ಮೂರು ಕಾರಣ ಕೊಟ್ಟು ಕೈ ತೊಳ್ಕೊಳ್ಳೋದು ಸುಲಭ.' ಮಾತು ತಗುಲ್ತು. ನನ್ನ ಎರಡನೇ ಕಥೇಲಿ ನಾನು ಹಾಗೇ ಮಾಡಿದೀನಿ, ಏನು ಅಂತ ಯೋಚ್ನೆ ಮಾಡೋಕೆ ಸೋಮಾರಿತನ ಬಂದು ಎಲ್ಲ ಮಂಜಲ್ಲಿ ಬಿಟ್ಟಿದೀನಿ, ಓದಿದೋರಿಗೆ ಗೊತ್ತಾಗಿದೆ. ಹಾಗಾಗಿ ಅವ್ರಿಗೆ ಹೇಳಿದ್ದು ಇಷ್ಟು: ಹಾಡಿ ಸುಟ್ಟಿದ್ದು ಯಾರು ಅಂತ ನನಗೆ ಗೊತ್ತಿಲ್ಲ ಅಕ್ಕ, ಆದ್ರೆ ಸುಟ್ಟ ಮೇಲೆ ಆ ಜಾಗದಲ್ಲಿ ಏಲಕ್ಕಿ ಯಾರು ಬೆಳೆದ್ರು ಅನ್ನೋದು ಗೊತ್ತು. ಅವ್ರು ಪೂರ್ತಿ ಒಪ್ಲಿಲ್ಲ. ನನಗೂ ಪೂರ್ತಿ ಸಮಾಧಾನ ಇಲ್ಲ.

ಮುಗಿಯೋ ಹೊತ್ತಿಗೆ ಬಾಗಿಲ ಹತ್ರ ಕೂತಿದ್ದ ಒಬ್ಬ ಹಿರಿಯರು ಎದ್ರು, ಮಿಲಿಟರಿಯಿಂದ ರಿಟೈರಾದೋರು, ಮೊಮ್ಮಗಳನ್ನ ಶಿಬಿರಕ್ಕೆ ಬಿಡೋಕೆ ಬಂದೋರು ಮಳೆಗೆ ಅಲ್ಲೇ ಕೂತ್ಬಿಟ್ಟಿದ್ರು. 'ಪ್ರಶ್ನೆ ಅಲ್ಲಪ್ಪಾ, ನೀನು ಚಕ್ಕುಬಂದಿ ಅಂದಿದ್ದಕ್ಕೆ ನೆನಪಾಯ್ತು. ನಮ್ಮ ಹಳೇ ಪತ್ರದಲ್ಲಿ ದಕ್ಷಿಣಕ್ಕೆ ಚೋಮಿ ಕಾಯ್ತಿದ್ದ ಅತ್ತಿಮರ ಅಂತ ಇದೆ. ಮರ ನಾನು ನೋಡಿಲ್ಲ, ನಮ್ಮಪ್ಪನೂ ನೋಡಿಲ್ಲ.' ಚೋಮಿ ಯಾರು ಸರ್ ಅಂದೆ. 'ಯಾರಿಗ್ಗೊತ್ತು. ನಮ್ಮ ಒಕ್ಕದಲ್ಲಿ, ಮನೆತನದಲ್ಲಿ, ಆ ಹೆಸರಿನೋರು ಯಾರೂ ಇಲ್ಲ.' ಯಾರನ್ನ ಕಾಯ್ತಿದ್ಲು? ಅದಕ್ಕೂ ಕೈ ಅಲ್ಲಾಡಿಸಿದ್ರು. ಆಮೇಲೆ ಛತ್ರಿ ಬಿಡಿಸ್ತಾ, 'ಆ ಮೂಲೇಲಿ ಕಾಫಿ ಹಾಕಲ್ಲ ನಾವು, ಸುಮ್ಮನೆ ಬಿಟ್ಟಿದೀವಿ, ಯಾಕೆ ಅಂತ ಕೇಳ್ಬೇಡ' ಅಂದ್ರು.

ಮೊಮ್ಮಗಳು ಅಷ್ಟರಲ್ಲಿ ನೋಟ್ ಬುಕ್ ತೆಗೆದಾಗಿತ್ತು. ನನಗೆ ಸೋಮವಾರಪೇಟೆ ಬಸ್ಸಿಗೆ ಹೊತ್ತಾಗಿತ್ತು, ಓಡಿದೆ.